ಬೆಳ್ಳಗಿನ ಹಿಟ್ಟು

ನನ್ನ ಮಗಳು ಕುಲ್ಸುಮ್‌ಗೆ ಗೋಧಿ ಕೊಡಬಾರದು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದನ್ನು ಕೇಳಿ ಮೂಡಿಗೆರೆಯಲ್ಲಿ ನಗದವರೇ ಇಲ್ಲ. "ಅಷ್ಟೇನಾ? ನಮ್ಮ ಕಡೆ ಯಾರು ಮಾರಾಯ್ತಿ ಗೋಧಿ ತಿಂತಾರೆ?" ಎಂದಳು ಪಕ್ಕದ ಮನೆ ಭಾಗಮ್ಮ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ, ಇದರಲ್ಲಿ ಗೋಧಿ ಎಲ್ಲಿಂದ ಬಂತು ಎಂದು ಎಲ್ಲರದ್ದೂ ಒಂದೇ ರಾಗ. ಹೇಳುವವರಿಗೇನು, ಒಲೆ ಮುಂದೆ ಕೂರುವವಳು ನಾನು.

ಅದು ೧೯೮೧ನೇ ಇಸವಿ. ಕುಲ್ಸುಮ್‌ಗೆ ಏಳು ತುಂಬಿತ್ತು, ನೋಡಿದವರು ನಾಲ್ಕೋ ಐದೋ ಅನ್ನುತ್ತಿದ್ದರು. ಹೊಟ್ಟೆ ಮಾತ್ರ ಉಬ್ಬಿ, ಕೈಕಾಲು ಸಣಕಲಾಗಿ, ದಿನಕ್ಕೆ ಐದಾರು ಸಲ ಭೇದಿ. ಎರಡು ವರ್ಷ ಜಂತುಹುಳದ ಔಷಧಿ ಕುಡಿಸಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು. ಕೊನೆಗೆ ಮಂಗಳೂರಿನ ಡಾಕ್ಟರು ಹೇಳಿದರು, ಗೋಧಿಯಲ್ಲಿ ಒಂದು ಅಂಟು ಇರುತ್ತದೆ, ಅದು ಇವಳ ಕರುಳಿಗೆ ಆಗುವುದಿಲ್ಲ. ಮೈದಾ, ರವೆ, ಬ್ರೆಡ್ಡು, ಬಿಸ್ಕತ್ತು, ಶಾವಿಗೆ ಯಾವುದೂ ಬೇಡ. ಒಂದು ಚೂರೂ ಬೇಡ, ಜೀವಮಾನ ಪೂರ್ತಿ. "ಮೂರು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ. ತೂಕ ಏರಿರಬೇಕು. ಹೀಗೇ ಇಳೀತಾ ಹೋದ್ರೆ ಮಗು ಉಳಿಯೋದು ಕಷ್ಟ" ಎಂದರು. ಹದಿಮೂರು ಕೆ.ಜಿ. ಎಂದು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು.

ನಾನು ಊರಿಗೆ ಬಂದವಳೇ ಮನೆಯಲ್ಲಿದ್ದ ಗೋಧಿಹಿಟ್ಟು, ರವೆ, ಶಾವಿಗೆಯ ಪೊಟ್ಟಣ ಎಲ್ಲವನ್ನೂ ಭಾಗಮ್ಮನ ಮನೆಗೆ ಸಾಗಿಸಿದೆ. ಪಾತ್ರೆಗಳನ್ನೆಲ್ಲ ಬೂದಿ ಹಾಕಿ ತಿಕ್ಕಿದೆ. ನನ್ನ ಗಂಡ ಶಂಶುದ್ದೀನ್ ಬಸ್‌ಸ್ಟ್ಯಾಂಡಿನ ಹತ್ತಿರ ಜೀಪು ರಿಪೇರಿ ಮಾಡುವವರು. ಸಂಜೆ ಬೇಕರಿಯ ಬನ್ನು ಹಿಡಿದು ಬಂದರೆ ಅಂಗಳದಲ್ಲೇ ನಿಲ್ಲಿಸಿ ತಿನ್ನಿಸಿ, ಬಾಯಿ ತೊಳೆಸಿ ಒಳಗೆ ಬಿಡುತ್ತಿದ್ದೆ. ಅತ್ತೆ ಜೊಹರಾಬಿಗೆ ಮಾತ್ರ ಹೇಳುವುದು ಕಷ್ಟವಾಯಿತು. ನಾನೂ ಅವರನ್ನು ಅಮ್ಮಾ ಎಂದೇ ಕರೆಯುವುದು. ಗುರುವಾರ ಫಾತಿಹಾ ಓದಿಸಿ, ಗೋಧಿರೊಟ್ಟಿಯನ್ನು ಪುಡಿಮಾಡಿ ಬೆಲ್ಲ ತುಪ್ಪ ಕಲಸಿದ ಮಲೀದಾವನ್ನು ಮೊಮ್ಮಗಳ ಬಾಯಿಗೆ ಇಡುವುದು ಅವರ ಎಷ್ಟೋ ವರ್ಷದ ಪದ್ಧತಿ.

"ಓದ್ಸಿದ ಪ್ರಸಾದ ಕಣಮ್ಮ, ಅದು ಹೆಂಗೆ ಕೆಡುಕು ಮಾಡುತ್ತೆ?" ಎಂದರು.

"ಕರುಳಿಗೆ ಓದ್ಸಿದ್ದು ಯಾವುದು, ಓದ್ಸದೇ ಇರೋದು ಯಾವುದು ಅಂತ ಗೊತ್ತಾಗುತ್ತಾ ಅಮ್ಮಾ?" ಎಂದೆ. ಅವರು ಸುಮ್ಮನಾದರು. ಸುಮ್ಮನಾದದ್ದನ್ನೇ ನಾನು ಒಪ್ಪಿಗೆ ಅಲ್ಲ ಎಂದು ತಿಳಿದೆ. ನನ್ನ ಬುದ್ಧಿಯೇ ಹಾಗೆ.

ಗೋಧಿ ಬಿಡುವುದು ಒಂದು, ಗೋಧಿ ಬೇಡುವ ಮಗುವನ್ನು ಸಮಾಧಾನ ಮಾಡುವುದು ಇನ್ನೊಂದು. ಶಾಲೆಯಲ್ಲಿ ಉಪ್ಪಿಟ್ಟು, ಬಸ್‌ಸ್ಟ್ಯಾಂಡಿನಲ್ಲಿ ರಸ್ಕು, ಯಾರ ಮನೆಗೆ ಹೋದರೂ ಬಿಸ್ಕತ್ತು. "ನಂಗೆ ಕೇಕ್ ಬೇಕು" ಎಂದು ಕುಲ್ಸುಮ್ ನೆಲಕ್ಕೆ ಬಿದ್ದು ಹೊರಳಿದಾಗ ನನಗೂ ಹಟ ಬಂತು. ಅಕ್ಕಿಹಿಟ್ಟಿನಲ್ಲೇ ಕೇಕ್ ಮಾಡಿ ತೋರಿಸುತ್ತೇನೆ ಎಂದೆ.

ಭಾಗಮ್ಮ ಹಿಂದೆ ಎಸ್ಟೇಟ್ ಬಂಗಲೆಯಲ್ಲಿ ಅಡುಗೆಗೆ ಇದ್ದವಳು. ದೊಡ್ಡ ಡಬರಿಗೆ ಮರಳು ಹಾಕಿ ಕಾಯಿಸಿ, ಅದರೊಳಗೆ ಹಿಟ್ಟಿನ ತಟ್ಟೆ ಇಳಿಸಿ, ಮುಚ್ಚಳದ ಮೇಲೆ ಕೆಂಡ ಸುರಿದು ಬೇಯಿಸುವುದನ್ನು ಹೇಳಿಕೊಟ್ಟಳು. ಮೊದಲನೆಯದು ತಟ್ಟೆ ಬಿಟ್ಟು ಬರಲೇ ಇಲ್ಲ. ಎರಡನೆಯದು ಬಂತು, ಚಾಕು ಇಟ್ಟ ತಕ್ಷಣ ಪುಡಿಪುಡಿ. ಮೂರನೆಯದಕ್ಕೆ ಐದು ಮೊಟ್ಟೆ ಒಡೆದೆ. ಮೇಲೆ ಕರಕಲು, ಒಳಗೆ ಹಸಿ ಹಿಟ್ಟು. ಗೋಧಿಯ ಅಂಟು ಕರುಳಿಗೆ ಶತ್ರು ಇರಬಹುದು, ಆದರೆ ಅದೇ ಅಂಟು ಇಲ್ಲದೆ ಹಿಟ್ಟು ಹಿಟ್ಟಿನ ಕೈ ಹಿಡಿಯುವುದಿಲ್ಲ. ಇದನ್ನು ಯಾವ ಡಾಕ್ಟರೂ ಹೇಳಲಿಲ್ಲ, ಐದು ಮೊಟ್ಟೆ ದಂಡವಾದ ಮೇಲೆ ನನಗೇ ತಿಳಿಯಿತು. ಡಬರಿಯನ್ನು ಎತ್ತಿ ಹಿತ್ತಲಿಗೆ ಎಸೆದೆ. ಮರುದಿನ ನಾನೇ ಹೋಗಿ ತಂದು, ಸೊಟ್ಟಗಾದ ಅಂಚನ್ನು ಕಲ್ಲಿನಿಂದ ತಟ್ಟಿ ಸರಿಮಾಡಿ ಮತ್ತೆ ಒಲೆಗಿಟ್ಟೆ.

ಆ ಸಲವೂ ಪುಡಿಯೇ ಆಯಿತು. ಕುಲ್ಸುಮ್ ಆ ಪುಡಿಯನ್ನೇ ಚಮಚದಲ್ಲಿ ತಿಂದಳು, "ಚೆನ್ನಾಗಿದೆ ಅಮ್ಮಿ" ಎಂದಳು. ಆಮೇಲೆ ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ನರಳಿದಳು.

ಒಂದು ತಿಂಗಳಾಯಿತು, ಎರಡಾಯಿತು, ಭೇದಿ ನಿಲ್ಲಲಿಲ್ಲ. ಮನೆಯಲ್ಲಿ ಗೋಧಿಯ ಸುಳಿವಿಲ್ಲ. ಶಾಲೆಯ ಗಿರಿಜಾಂಬಾ ಟೀಚರು ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ನಾನು ಕಟ್ಟಿಕೊಟ್ಟದ್ದನ್ನಷ್ಟೇ ತಿನ್ನಿಸುತ್ತಿದ್ದರು. ಹಾಗಾದರೆ ಯಾರೋ ಕದ್ದು ಕೊಡುತ್ತಿದ್ದಾರೆ. ಯಾರು? ನನ್ನ ತಲೆಯಲ್ಲಿ ಒಂದೇ ಹೆಸರು ಕುಣಿಯುತ್ತಿತ್ತು.

ಒಂದು ಗುರುವಾರ ಸಂಜೆ ನಾನು ನೀರು ತಂದು ಒಳಗೆ ಬರುವಾಗ ಅತ್ತೆ ಮೊಮ್ಮಗಳ ಬಾಯಿಗೆ ಒಂದು ಉಂಡೆ ಇಡುತ್ತಿದ್ದರು. ಮಲೀದಾ. ಕೊಡವನ್ನು ಅಲ್ಲೇ ಕುಕ್ಕಿದೆ.

"ಅಕ್ಕಿರೊಟ್ಟಿದು ಕಣೇ. ಬಿಸಿ ಇರುವಾಗ್ಲೇ ತುಪ್ಪ ಹಾಕಿ ಕಿವುಚಿದ್ದು. ನಿನ್ ಹಿಟ್ಟಿಂದೇ" ಎಂದರು.

"ಅಕ್ಕಿದು ಹೀಗೆ ಉಂಡೆ ನಿಲ್ಲುತ್ತಾ? ಎರಡು ತಿಂಗಳಿಂದ ಕೈ ಸುಟ್ಕೊಳ್ತಿದೀನಿ, ನಂಗೇ ಕಥೆ ಹೇಳ್ತೀರಾ?" ನಾನು ಮಾಡಿದ ಒಂದೇ ಒಂದು ತುಂಡೂ ನೆಟ್ಟಗೆ ನಿಂತಿರಲಿಲ್ಲ. ಅವರ ಉಂಡೆ ಗುಂಡಗೆ ನಿಂತಿತ್ತು. ಆ ಹೊಟ್ಟೆಕಿಚ್ಚೂ ಸೇರಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. "ಮಗು ಸತ್ರೆ ನಿಮ್ಮ ಪದ್ಧತಿ ಉಳಿಯುತ್ತೆ ಬಿಡಿ" ಎಂದುಬಿಟ್ಟೆ.

ಅವರು ಜಗಳವಾಡಲಿಲ್ಲ. ಮರುದಿನ ಮಗನಿಗೆ ಹೇಳಿ ಕಳಸದ ಬಸ್ಸು ಹತ್ತಿ, ಅಲ್ಲಿರುವ ಮಗಳ ಮನೆಗೆ ಹೋದರು. ಶಂಶುದ್ದೀನ್ ನನ್ನೊಡನೆ ನಾಲ್ಕು ದಿನ ಮಾತಾಡಲಿಲ್ಲ. ಮಾತಾಡದಿದ್ದರೆ ಬೇಡ, ಮಗು ಉಳಿದರೆ ಸಾಕು ಎಂದುಕೊಂಡೆ. ಇನ್ನು ಕದ್ದು ಕೊಡುವವರಿಲ್ಲ ಎಂಬ ಧೈರ್ಯದಲ್ಲಿ ಎರಡು ಹೊತ್ತೂ ರೊಟ್ಟಿ ತಟ್ಟಿದೆ. ಬಾಳೆಹಣ್ಣು ಕಿವುಚಿ ಹಾಕಿದ ಕೇಕು ಕೊನೆಗೂ ಮುರಿಯದೆ ಬಂತು. ಮಗಳು ಆಸೆಯಿಂದ ಮೂರು ತುಂಡು ತಿಂದಳು.

ಹದಿನೈದು ದಿನ ಬಿಟ್ಟು ಮೂಡಿಗೆರೆ ಆಸ್ಪತ್ರೆಯ ತಕ್ಕಡಿಯ ಮೇಲೆ ನಿಲ್ಲಿಸಿದರೆ ಹನ್ನೆರಡೂವರೆ ಕೆ.ಜಿ.

ಈಗ ಬಯ್ಯಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಎತ್ತಿಕೊಂಡರೆ ಹೆಗಲ ಮೇಲೆ ಮಗುವಿನ ಭಾರವೇ ಗೊತ್ತಾಗುತ್ತಿರಲಿಲ್ಲ.

ಅದೇ ವಾರ ಮನೆಯಲ್ಲಿ ಹಿಟ್ಟು ಮುಗಿದಿತ್ತು. ಮಾಮೂಲಾಗಿ ಬೆಳಿಗ್ಗೆ ತೊಳೆದು ಒಣಗಿಸಿದ ಅಕ್ಕಿಯ ಡಬ್ಬವನ್ನು ಗುರುವಯ್ಯನ ಹಿಟ್ಟಿನ ಮಿಲ್ಲಿನಲ್ಲಿ ಇಟ್ಟು ಬರುವುದು, ಸಂಜೆ ಹೋಗಿ ತರುವುದು ನನ್ನ ರೂಢಿ. ಆ ದಿನ ಮಗಳಿಗೆ ಮಧ್ಯಾಹ್ನಕ್ಕೆ ರೊಟ್ಟಿ ಬೇಕಿತ್ತು, ಅದಕ್ಕೆ ಹನ್ನೊಂದಕ್ಕೇ ಹೋದೆ. ನನ್ನ ಡಬ್ಬ ಇನ್ನೂ ಮೂಲೆಯಲ್ಲಿ ಕೂತಿತ್ತು. ಎಸ್ಟೇಟಿನ ಲಕ್ಕಯ್ಯ ರಾಗಿ ತಂದು ನಿಂತಿದ್ದ. ಗುರುವಯ್ಯ ಅವನನ್ನು ತಡೆದು, ಹೋಟೆಲಿನವರ ಗೋಧಿಯನ್ನು ಸುರಿದ. ಅದು ಮುಗಿಯುತ್ತಿದ್ದ ಹಾಗೆ, ಕಲ್ಲು ಇನ್ನೂ ತಿರುಗುತ್ತಿರುವಾಗಲೇ, ನನ್ನ ಅಕ್ಕಿಯನ್ನು ಮೇಲಿಂದ ಸುರಿದ. ನನ್ನ ಡಬ್ಬಕ್ಕೆ ಮೊದಲು ಬಿದ್ದದ್ದು ನಸುಕಂದು ಹಿಟ್ಟು. ಆಮೇಲೆ ಬೆಳ್ಳಗಾಯಿತು.

"ಗುರುವಯ್ಯ, ನಿಲ್ಸಿ!" ಎಂದು ಕಿರುಚಿದೆ. ಮಿಲ್ಲಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಹೋಗಿ ಅವನ ತೋಳು ಹಿಡಿದೆಳೆದೆ. "ನನ್ನ ಅಕ್ಕೀನ ಯಾವಾಗ್ಲೂ ಗೋಧಿ ಆದ್ಮೇಲೇ ಹಾಕೋದಾ?"

"ಮತ್ತೆ ಹೆಂಗೆ ತಾಹಿರಮ್ಮ? ನೀವೇ ಅಲ್ವಾ ಹೇಳಿದ್ದು?" ಎಂದ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ. "ರಾಗಿ ಆದ್ಮೇಲೆ ನಂದು ಹಾಕ್ಬೇಡಿ, ರೊಟ್ಟಿ ಕಪ್ಪಗಾಗುತ್ತೆ ಅಂತ ಅವತ್ತು ಎಲ್ಲಾರೆದುರಿಗೂ ಉಗಿದ್ರಲ್ಲ. ಅವತ್ತಿಂದ ಗೋಧಿ ಬರೋತನಕ ನಿಮ್ ಡಬ್ಬ ಮುಟ್ಟಲ್ಲ ನಾನು. ಎಷ್ಟು ಹೊತ್ತಾದ್ರೂ ಕಾಯಿಸ್ತೀನಿ. ಒಂದು ಹಿಡಿ ಗೋಧಿ ಸೇರಿದ್ರೆ ರೊಟ್ಟಿ ಮೆತ್ತಗೂ ಬರುತ್ತೆ."

ಉಗಿದದ್ದು ಹೌದು. ನಾದಿನಿಯ ಮದುವೆಯಲ್ಲಿ ನನ್ನ ರೊಟ್ಟಿ ಬೂದಿ ಬಣ್ಣಕ್ಕೆ ಬಂದು, ಕಳಸದ ಬೀಗರು ಮುಸಿಮುಸಿ ನಕ್ಕಿದ್ದರು. ಮರುದಿನವೇ ಬಂದು ಈ ಮನುಷ್ಯನ ನೀರಿಳಿಸಿದ್ದೆ. ರಾಗಿಯಾದ ಮೇಲೆ ಹಾಕಿದ್ದರೆ ಏನಾಗುತ್ತಿತ್ತು? ರೊಟ್ಟಿ ಕಪ್ಪಗಾಗುತ್ತಿತ್ತು, ಅಷ್ಟೇ. ರಾಗಿಯಿಂದ ತೊಂದರೆಯಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ನನಗೆ ಬೆಳ್ಳಗಿನ ರೊಟ್ಟಿ ಬೇಕಿತ್ತು. ದಿನಾ ಎರಡು ಹೊತ್ತು, ಸಾಲದ್ದಕ್ಕೆ ಕೇಕು, ನನ್ನ ಕೈಯಾರೆ ನಾನೇ ಮಗಳಿಗೆ ಗೋಧಿ ತಿನ್ನಿಸುತ್ತಿದ್ದೆ. ಗುರುವಯ್ಯನನ್ನು ಬಯ್ಯಲು ಬಾಯಿ ತೆರೆದೆ, ಅಳು ಬಂತು. ಆ ಹಿಟ್ಟನ್ನು ಅಲ್ಲೇ ಬಿಟ್ಟು ಬಂದೆ.

ಭಾಗಮ್ಮನ ಅಟ್ಟದಲ್ಲಿ ಹಳೆಯ ಬೀಸುವ ಕಲ್ಲಿತ್ತು. ಇಳಿಸಿ, ಬಿಸಿನೀರು ಹಾಕಿ ತಿಕ್ಕಿ, ಒಣಗಿಸಿ ಮನೆಯಲ್ಲೇ ಬೀಸಲು ಕೂತೆ. ಅಂಗೈ ಬೊಬ್ಬೆ ಎದ್ದು ಒಡೆಯಿತು. ರೊಟ್ಟಿ ತರಿತರಿಯಾಗಿ, ತಟ್ಟುವಾಗಲೇ ಬಿರಿಯುತ್ತಿತ್ತು. ಎಂಟನೇ ದಿನಕ್ಕೆ ಭೇದಿ ನಿಂತಿತು. ತಿಂಗಳು ತುಂಬುವಾಗ ತಕ್ಕಡಿ ಹದಿಮೂರೂ ಮುಕ್ಕಾಲು ತೋರಿಸಿತು. ಶಂಶುದ್ದೀನ್ ಮಗಳನ್ನು ಎತ್ತಿ ಕುಣಿಸಿದರು. ನನಗೆ ಕುಣಿಯಲು ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಕುಲ್ಸುಮ್‌ಳ ಕೈ ಹಿಡಿದು ಕಳಸದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ತಪ್ಪು ನನ್ನದು ಎನ್ನಬೇಕು, ಕಾಲು ಮುಟ್ಟಬೇಕು, ಮಲೀದಾ ಅಕ್ಕಿಯದೇ ಆಗಿತ್ತು ಎಂದು ನಾನಾಗಿ ಹೇಳಬೇಕು.

ನಾದಿನಿಯ ಮನೆಯ ಜಗಲಿಯಲ್ಲಿ ಅತ್ತೆ ಬಿಸ್ಕತ್ತು ಅದ್ದಿಕೊಂಡು ಚಹಾ ಕುಡಿಯುತ್ತಿದ್ದರು. "ದಾದೀ!" ಎಂದು ಕುಲ್ಸುಮ್ ಓಡಿದಳು. ಅವರು ಲೋಟ ಕೆಳಗಿಟ್ಟು ಗಾಬರಿಯಿಂದ ಎದ್ದು ನಿಂತು, ಎರಡೂ ಕೈಯನ್ನು ಮೇಲಕ್ಕೆತ್ತಿದರು. "ಬರಬೇಡ ಕಂದಾ, ಅಲ್ಲೇ ನಿಲ್ಲು. ಬಿಸ್ಕತ್ತು ಮುಟ್ಟಿದೀನಿ."

ಹಂಡೆಯ ಹತ್ತಿರ ಹೋಗಿ ಮೊಣಕೈತನಕ ಸೋಪು ಹಾಕಿ ತೊಳೆದರು. ಬಾಯಿ ಮುಕ್ಕಳಿಸಿದರು. ಉಗುರಿನ ಸಂದಿಯನ್ನು ನೋಡಿಕೊಂಡು ಇನ್ನೊಮ್ಮೆ ತೊಳೆದರು. ಒದ್ದೆ ಕೈಯಲ್ಲೇ ಬಂದು, ಮೊಮ್ಮಗಳ ಎದುರು ನಿಂತು, ಅವಳನ್ನು ನೋಡದೆ ನನ್ನನ್ನು ನೋಡಿದರು.

"ಈಗ ಎತ್ಕೊಳ್ಲಾ ತಾಹಿರಾ?" ಎಂದು ಕೇಳಿದರು.