ಎಷ್ಟುನ್ನ ನಗರದ ಕಾನೂನು

ಶನಿವಾರ ಬೆಳಿಗ್ಗೆ ಷಿಕಾಗೋ ಬಳಿಯ ನೇಪರ್‌ವಿಲ್ಲಿನಲ್ಲಿ ಮಗಳ ಮನೆಯ ಊಟದ ಮೇಜಿನ ಮೇಲೆ ಕಲ್ಲಿನಾಥ ಮಾಸ್ತರರು ಮೂರು ಪೆನ್ಸಿಲ್ಲುಗಳನ್ನು ಚೂಪು ಮಾಡಿ ಸಾಲಾಗಿ ಇಟ್ಟುಕೊಂಡರು. ರೋಣದ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ಕೈ. ಯಾವ ಬರಹಕ್ಕಾದರೂ ಪೆನ್ಸಿಲ್ಲು ಮೊದಲು, ಪೆನ್ನು ಆಮೇಲೆ. ಎದುರಿಗೆ ಮೊಮ್ಮಗಳು ಅಕ್ಷರಾ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು.

ಅಕ್ಷರಾ ಆರನೆಯ ಗ್ರೇಡಿನಲ್ಲಿದ್ದಳು. ಶಾಲೆಯಲ್ಲಿ ಮೆಸೊಪೊಟೇಮಿಯದ ಪಾಠ ಮುಗಿದ ಮೇಲೆ, ಪ್ರತಿಯೊಬ್ಬರೂ ಒಂದು ಪುರಾತನ ನಗರವನ್ನು ತಾವೇ ಕಲ್ಪಿಸಿಕೊಂಡು ಅದರ ಚರಿತ್ರೆಯನ್ನೂ ಕಾನೂನುಗಳನ್ನೂ ಬರೆಯಬೇಕಾಗಿತ್ತು. ಅವಳು ಬರೆದದ್ದನ್ನು ಕೇಳಿ ತರಗತಿಯೆಲ್ಲ ನಕ್ಕಿತ್ತು. ಮುಂದಿನ ಶನಿವಾರ ಮುನ್ನೂರು ಮೈಲಿ ಆಚೆಯ ನೋವೈ ಊರಿನಲ್ಲಿ ಎರಡು ಊರುಗಳ ಕನ್ನಡ ಶಾಲೆಗಳು ಸೇರಿ ನಡೆಸುವ ಕಾರ್ಯಕ್ರಮದಲ್ಲಿ ಅದನ್ನೇ ಕನ್ನಡದಲ್ಲಿ ಓದಬೇಕೆಂದು ಅವಳ ಹಟ. ಅವಳಿಗೆ ಕನ್ನಡ ಓದಲು ಬರುತ್ತಿತ್ತು, ಬರೆಯಲು ಕೈ ಓಡುತ್ತಿರಲಿಲ್ಲ. ಆದ್ದರಿಂದ ಅಜ್ಜ.

"ನೋವೈಗೇ ಯಾಕ ಅಷ್ಟು ಹಟ?" ಎಂದು ಮಾಸ್ತರರು ಕೇಳಿದರು.

"ತನಿಷಾ ವಿಲ್ ಬಿ ದೇರ್. ಅವಳ ಅಜ್ಜಿನೂ ಬರ್ತಾರೆ. ತನಿಷಾ ನನ್ನ ಮೆಸೇಜ್‌ಗೆ ರಿಪ್ಲೈ ಮಾಡಲ್ಲ, ಅಜ್ಜಾ. ಇದನ್ನ ಕೇಳಿದ್ರೆ ನಗ್ತಾಳೆ. ನಕ್ಕರೆ ಮಾತಾಡ್ತಾಳೆ."

ತನಿಷಾ ಹೋದ ಅಕ್ಟೋಬರಿನವರೆಗೆ ಎರಡು ರಸ್ತೆ ಆಚೆಯ ಮನೆಯಲ್ಲಿದ್ದವಳು. ಅವಳ ತಂದೆ ದಿನೇಶ್ ಕಾರಿನ ಕಂಪನಿಯೊಂದಕ್ಕೆ ಸೇರಿ ಸಂಸಾರವನ್ನು ನೋವೈಗೆ ಕರೆದೊಯ್ದಿದ್ದ. ಮಾಸ್ತರರು ಪೆನ್ಸಿಲ್ಲು ಎತ್ತಿಕೊಂಡರು.

"ಊರಿನ ಹೆಸರು?"

"ಎಷ್ಟುನ್ನ. ಎಷ್ನುನ್ನ ಅಂತ ನಿಜವಾಗ್ಲೂ ಒಂದು ಸಿಟಿ ಇತ್ತು. ನಾನು ಒಂದೇ ಲೆಟರ್ ಚೇಂಜ್ ಮಾಡ್ದೆ. ನೀವು ಎವ್ರಿ ಡೇ ಎಷ್ಟು, ಎಷ್ಟು ಅಂತೀರಲ್ಲ, ಅದಕ್ಕೆ."

ಮಾಸ್ತರರ ಮೀಸೆಯ ಅಂಚು ಸ್ವಲ್ಪ ಅಲುಗಿತು. ಸುಳ್ಳಲ್ಲ. ಅವಳು ಶಾಲೆಯ ಬಸ್ಸಿನಿಂದ ಇಳಿದೊಡನೆ ಅವರು ಕೇಳುವುದು ಅದೊಂದೇ: ಎಷ್ಟು? ಹದಿನೆಂಟು ಎಂದರೆ, ಎಷ್ಟರ ಪೈಕಿ? ಇಪ್ಪತ್ತರ ಪೈಕಿ ಎಂದರೆ, ಉಳಿದೆರಡು ಎಲ್ಲಿ ಹೋದವು? 'ಪೈಕಿ' ಎಂಬ ಪದವನ್ನು ಅವಳಿಗೆ ಕಲಿಸಿದವರೂ ಅವರೇ.

ಅವಳು ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಅವರು ಕನ್ನಡದಲ್ಲಿ ಬರೆಯುತ್ತ ಹೋದರು.

'ಮೊದಲನೆಯ ಕಾನೂನು. ನಗರದ ಬಾಗಿಲಿಗೆ ಬಂದವನನ್ನು ಎಷ್ಟು ಎಂದು ಕೇಳತಕ್ಕದ್ದು. ಏನನ್ನೂ ತಾರದವನನ್ನೂ ಕೇಳತಕ್ಕದ್ದು. ಏನು ಎಷ್ಟು ಎಂದು ತಿರುಗಿ ಕೇಳಿದವನನ್ನು ಮೂರು ದಿನ ಕತ್ತೆಯ ಜೊತೆ ಕಟ್ಟತಕ್ಕದ್ದು. ಕತ್ತೆ ಒಪ್ಪದಿದ್ದಲ್ಲಿ ಕತ್ತೆಯ ಹೇಳಿಕೆಯನ್ನು ಮಣ್ಣಿನ ಹಲಗೆಯ ಮೇಲೆ ಬರೆದುಕೊಳ್ಳತಕ್ಕದ್ದು.'

'ಎರಡನೆಯ ಕಾನೂನು. ನಗರದಲ್ಲಿ ಅರವತ್ತು ಬಾವಿಗಳಿವೆ. ಒಂದೊಂದು ಬಾವಿಗೆ ಅರವತ್ತು ಜನ. ಪ್ರತಿಯೊಬ್ಬನೂ ತನ್ನ ಬಾವಿಯಲ್ಲಿ ಮಾತ್ರ ಕುಡಿಯತಕ್ಕದ್ದು. ಬೇರೆಯವರ ಬಾವಿಯ ಬಳಿ ಬಾಯಾರಿದವನು ತನ್ನ ಬಾವಿಯವರೆಗೆ ನಡೆಯತಕ್ಕದ್ದು. ದಾರಿಯಲ್ಲಿ ಸತ್ತರೆ ಅವನನ್ನು ಶಿಸ್ತಿನ ಮನುಷ್ಯ ಎಂದು ಹೊಗಳತಕ್ಕದ್ದು. ನಗರದ ಒಟ್ಟು ಜನಸಂಖ್ಯೆ ನಾಲ್ಕು ಸಾವಿರ.'

ಪೆನ್ಸಿಲ್ಲು ನಿಂತಿತು. "ತಪ್ಪು. ಅರವತ್ತರವತ್ತಲೆ ಮೂರು ಸಾವಿರದ ಆರುನೂರು. ಉಳಿದ ನಾಲ್ಕುನೂರು ಮಂದಿ ಎಲ್ಲಿ?"

"ಅವರಿಗೆ ಬಾವಿ ಇಲ್ಲ ಅಜ್ಜಾ. ದಟ್ಸ್ ದ ಪಾಯಿಂಟ್."

ಅಷ್ಟರಲ್ಲೇ ತಾವು ತಿದ್ದಿ ಬರೆದಿದ್ದ ಅಂಕಿಯನ್ನು ಮಾಸ್ತರರು ರಬ್ಬರಿನಿಂದ ಅಳಿಸಿದರು. ಹುಡುಗಿ ಜಾಣೆ ಎಂದುಕೊಂಡರು. ಬಾಯಿಬಿಟ್ಟು ಹೇಳಲಿಲ್ಲ, ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. "ಮುಂದ ಹೇಳು."

"ಥರ್ಡ್ ಲಾ. ರಿವರ್ ಬಗ್ಗೆ. ಜಡ್ಜ್ ರಿವರ್‌ನ ಕೋರ್ಟಿಗೆ ಕರೀತಾನೆ. 'ಔಟ್ ಆಫ್ ಹೂಮ್ ಆರ್ ಯೂ' ಅಂತ ಕೇಳ್ತಾನೆ."

"ಹಂಗಂದ್ರ ಏನು? ಇಂಗ್ಲಿಷಿನ್ಯಾಗೂ ಅರ್ಥ ಆಗೂದಿಲ್ಲ."

"ನೀವೇ ಕೇಳಿದ್ದಲ್ಲ ಅಜ್ಜಾ, ತನಿಷಾ ಅಜ್ಜಿಗೆ. 'ನೀವು ಯಾರ ಪೈಕಿ' ಅಂತ. ಪೈಕಿ ಅಂದ್ರೆ ಔಟ್ ಆಫ್."

ಪೆನ್ಸಿಲ್ಲಿನ ತುದಿ ಕಾಗದದ ಮೇಲೆ ಒಂದು ಚುಕ್ಕೆಯನ್ನು ಇಟ್ಟು ಅಲ್ಲೇ ಉಳಿಯಿತು. ಅಕ್ಷರಾ ಪರದೆ ನೋಡಿಕೊಂಡು ಓದುತ್ತಲೇ ಇದ್ದಳು. ನದಿ, ನಾನು ನೀರಿನ ಪೈಕಿ ಎನ್ನುತ್ತದೆ. ಅದು ಉತ್ತರ ಅಲ್ಲ ಎಂದು ನ್ಯಾಯಾಧೀಶ ಇನ್ನೊಮ್ಮೆ ಕೇಳುತ್ತಾನೆ. ನದಿ ತನ್ನ ಊರನ್ನೂ ಕುಲವನ್ನೂ ಹೇಳುತ್ತದೆ. ಗೊತ್ತಾಯಿತು ಎನ್ನುತ್ತಾನೆ, ಬೇರೆ ಏನೂ ಹೇಳುವುದಿಲ್ಲ. ಮರುದಿನದಿಂದ ದಡದ ಮೇಲೆ ಅರ್ಧ ಗಂಟೆ ಮೊದಲೇ ನಡೆದು ಹೋಗುತ್ತಾನೆ, ನದಿ ಎದುರಾಗದ ಹಾಗೆ. ನದಿ ಎಂಟು ದಿನ ಕಾಯುತ್ತದೆ. ಆಮೇಲೆ ಬೇರೆ ದಾರಿ ಹಿಡಿದು ಹೊರಟುಹೋಗುತ್ತದೆ. ಅರವತ್ತು ಬಾವಿಗಳೂ ಒಣಗುತ್ತವೆ. ನಗರ ಮಣ್ಣಾಗುತ್ತದೆ.

"ಅಜ್ಜಾ," ಎಂದಳು ಅಕ್ಷರಾ ಓದುವುದನ್ನು ನಿಲ್ಲಿಸಿ, "ತನಿಷಾ ಅಜ್ಜಿಗೆ ಮಾರ್ಕ್ಸ್ ಕಡಿಮೆ ಬಂದಿತ್ತಾ? ಅದಕ್ಕೇನಾ ನೀವು ವಾಕ್ ಟೈಮ್ ಚೇಂಜ್ ಮಾಡಿದ್ದು?"

ಅವಳು ಚುಚ್ಚಿ ಕೇಳುತ್ತಿರಲಿಲ್ಲ. 'ಪೈಕಿ' ಎಂಬ ಪದಕ್ಕೆ ಅವಳಿಗೆ ಗೊತ್ತಿದ್ದುದು ಒಂದೇ ಅರ್ಥ. ಇನ್ನೊಂದು ಅರ್ಥವನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

"ಈ ಮೂರನೇದು ಬ್ಯಾಡ," ಎಂದರು ಮಾಸ್ತರರು. "ಭಾಳ ಉದ್ದ ಆಗತೈತಿ."

"ಅದಿಲ್ಲದೆ ಸಿಟಿ ಎಂಡೇ ಆಗಲ್ಲ, ಅಜ್ಜಾ."

ಅವರು ಎದ್ದು ಹಿತ್ತಲಿನ ಕಡೆಗೆ ಹೋದರು.

ತನಿಷಾಳ ಅಜ್ಜಿ ಚಿಕ್ಕತಾಯಮ್ಮ ನಂಜನಗೂಡಿನ ಕಡೆಯ ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ನರ್ಸ್ ಆಗಿದ್ದವರು. ಹೋದ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಎಂಟೂವರೆಗೆ ಬಡಾವಣೆಯ ಕೊಳದ ಬೆಂಚಿನ ಬಳಿ ಸೇರಿ ಇಬ್ಬರೂ ಕೊಳದ ಸುತ್ತ ನಡೆಯುತ್ತಿದ್ದರು. ಹುಡುಗಿಯರು ಸೈಕಲ್ಲಿನಲ್ಲಿ ಮುಂದೆ. ಆ ಇಡೀ ಬಡಾವಣೆಯಲ್ಲಿ ಮುಕ್ಕಾಲು ಮಗ್ಗಿ ಬಾಯಿಪಾಠ ಇದ್ದವರು ಅವರಿಬ್ಬರೇ.

"ಏಳು ಮುಕ್ಕಾಲು?" ಎಂದು ಮಾಸ್ತರರು ಕೇಳುವರು.

"ಐದೂಕಾಲು. ಸುಲಭದ್ದು ಕೇಳ್ತೀರಲ್ಲ ಮೇಷ್ಟ್ರೇ, ಮುದುಕಿ ಅಂತ ಕನಿಕರವಾ?"

"ಹದಿಮೂರು ಮುಕ್ಕಾಲು?"

"ಒಂಬತ್ತೂ ಮುಕ್ಕಾಲು. ಈಗ ನಂದು ಕೇಳಿ. ಏಳು ಪೌಂಡಿನ ಮಗು ಎಷ್ಟು ಕೆಜಿ?"

ಅಲ್ಲಿ ಮಾಸ್ತರರು ತಡವರಿಸುವರು. ಆಕೆ ಮೂರು ಹೆಜ್ಜೆ ನಡೆಯುವಷ್ಟರಲ್ಲಿ ಹೇಳಿಬಿಡುವರು.

ಶ್ರಾವಣದ ಮೊದಲ ಸೋಮವಾರ ಮಗಳು ಪವಿತ್ರ ತನಿಷಾಳ ಮನೆಯವರನ್ನೆಲ್ಲ ಊಟಕ್ಕೆ ಕರೆದಿದ್ದಳು. ಹೋಳಿಗೆ ಬಡಿಸುವ ಹೊತ್ತಿನಲ್ಲಿ ಮಾಸ್ತರರು, ಊರಿನಲ್ಲಿ ನೂರು ಸಲ ಕೇಳಿದಂತೆಯೇ, ಕೇಳಿದ್ದರು: "ನೀವು ಯಾರ ಪೈಕಿ ಆಗಬೇಕ್ರಿ?"

"ಮನುಷ್ಯರ ಪೈಕಿ ಮೇಷ್ಟ್ರೇ," ಎಂದು ಆಕೆ ನಕ್ಕಿದ್ದರು.

"ಅದು ಉತ್ತರ ಅಲ್ಲ," ಎಂದಿದ್ದರು ಮಾಸ್ತರರು. ಅರ್ಧ ಉತ್ತರಕ್ಕೆ ಅವರು ಎಂದೂ ಅಂಕ ಕೊಟ್ಟವರಲ್ಲ.

ಆಕೆ ನಗು ನಿಲ್ಲಿಸಿ ಅವರ ಮುಖ ನೋಡಿದರು. ತಮ್ಮ ಊರು, ಊರಿನ ಯಾವ ದಿಕ್ಕಿನ ಕೇರಿ, ಯಾವ ಜನ, ಎಲ್ಲವನ್ನೂ ಆಸ್ಪತ್ರೆಯ ದಾಖಲೆಗೆ ಬರೆಸುವಂತೆ ಬಿಡಿಬಿಡಿಯಾಗಿ ಹೇಳಿದರು. ಮಾಸ್ತರರು ಗೊತ್ತಾಯಿತು ಎಂದು ತಲೆಯಾಡಿಸಿದರು. ಮರುದಿನ ಎಂಟು ಗಂಟೆಗೇ ನಡೆದು ಬಂದರು. ಅದರ ಮರುದಿನವೂ.

ಕಾನೂನು ಬರೆಯಲು ಕುಳಿತ ಆ ಶನಿವಾರ ಮಧ್ಯಾಹ್ನ ಪವಿತ್ರ ಬಟ್ಟೆ ಮಡಚುತ್ತಿದ್ದಾಗ ಮಾಸ್ತರರು ಅವಳೆದುರು ಬಂದು ನಿಂತರು.

"ಕೇಳಿದ್ದು ತಪ್ಪೇನು? ನಮ್ಮ ಕಡೆ ಎಲ್ಲಾರೂ ಕೇಳತಾರ. ಕೇಳಿದ್ರ ಪರಿಚಯ ಆಗತೈತಿ. ಆಕೀಗೆ ನಾ ಒಂದು ಕೆಟ್ಟ ಮಾತು ಆಡಿಲ್ಲ."

ಯಾವ ವಿಷಯವೆಂದು ಪವಿತ್ರ ಕೇಳಲಿಲ್ಲ. "ಆಡಿಲ್ಲಪ್ಪಾ. ಆಡಿದ್ರ ಜಗಳಾನರೆ ಆಡಬಹುದಿತ್ತು. ನೀವು ಬರೇ ಗಡಿಯಾರ ನೋಡಿದ್ರಿ."

"ಅವರು ಹೋಗಿದ್ದು ದಿನೇಶನ ಕೆಲಸದ ಸಲುವಾಗಿ."

"ದಿನೇಶ್ ಹಂಗ ಹೇಳಿದ್ರು. ನಾನೂ ಹೌದು ಅಂದೆ. ಹೌದು ಅನ್ನೂದು ನನಗೂ ಸುಲಭ ಇತ್ತು." ಅವಳು ಒಂದು ಟವೆಲ್ಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಹೋಗೂ ದಿನ ತಾಯಮ್ಮ ಆಂಟಿ ನನಗ ಏನು ಅಂದ್ರು ಗೊತ್ತೈತೇನು? 'ಮೇಷ್ಟ್ರ ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚು, ಚಳಿಗೆ ಹಿಡ್ಕೊಳ್ಳತ್ತೆ.' ನಿಮಗ ಹೇಳಾಕ ನನಗ ಬಾಯಿ ಬರಲಿಲ್ಲ."

ಮೂರು ದಿನ ಮೂರನೆಯ ಕಾನೂನಿನ ಪುಟ ಖಾಲಿಯಾಗಿಯೇ ಇತ್ತು. ಮಾಸ್ತರರು ತಮ್ಮ ತಪ್ಪನ್ನು ತೂಗಿ ನೋಡಿದರು. ಬೈಗುಳವಿಲ್ಲ, ಬಾಗಿಲು ಹಾಕಿದ್ದಿಲ್ಲ, ಲೋಟ ಬೇರೆ ಇಟ್ಟದ್ದಿಲ್ಲ. ಇದ್ದದ್ದು ಮೂವತ್ತು ನಿಮಿಷ. ಎಷ್ಟು ಸಣ್ಣ ಸಂಖ್ಯೆಯೋ ಅಷ್ಟು ಸಲೀಸಾಗಿ ಅದನ್ನು ಇಷ್ಟು ತಿಂಗಳು ಮರೆತಿದ್ದರು. ಆದರೆ ಕತೆಯ ನದಿಯಂತೆ ಎಂಟು ದಿನ ಬೆಂಚಿನ ಮೇಲೆ ಕಾದು ಕುಳಿತವರ ಕಡೆಯಿಂದ ಅದೇ ಮೂವತ್ತು ನಿಮಿಷವನ್ನು ಅವರು ಎಣಿಸಿರಲಿಲ್ಲ.

ಬುಧವಾರ ಅವರು ಮೂರನೆಯ ಕಾನೂನನ್ನು ಬರೆದರು, ಒಂದು ಮಾತನ್ನೂ ಬಿಡದೆ. ನ್ಯಾಯಾಧೀಶನ ಪ್ರಶ್ನೆಗೆ ಬೇರೆ ಪದ ಹುಡುಕಲಿಲ್ಲ. ಬರೆದು ಮುಗಿಸಿ ಅಕ್ಷರಾಳನ್ನು ಕರೆದರು.

"ತನಿಷಾಗ ಒಂದು ಮಾತು ಕೇಳಿ ನೋಡು. ಅವರ ಅಜ್ಜಿ ಈಗ ಎಷ್ಟಕ್ಕ ವಾಕಿಂಗ್ ಹೋಗತಾರ ಅಂತ."

ಆರು ತಿಂಗಳ ಮೇಲೆ ತನಿಷಾಳಿಂದ ಉತ್ತರ ಬಂತು. ಎಂಟೂವರೆ ಎಂಬ ಅಂಕಿ, ಅದರ ಮುಂದೆ 'ವೈ' ಎಂಬ ಒಂದು ಪದ.

ಶುಕ್ರವಾರ ಅಳಿಯ ಸಂಗಮೇಶ್ ಸುಮಾರು ಮುನ್ನೂರು ಮೈಲಿ ಡ್ರೈವ್ ಮಾಡಿ ಎಲ್ಲರನ್ನೂ ನೋವೈಗೆ ತಂದ. ಅಲ್ಲಿನ ಗಡಿಯಾರ ಷಿಕಾಗೋಗಿಂತ ಒಂದು ಗಂಟೆ ಮುಂದೆ. ಶನಿವಾರ ಬೆಳಿಗ್ಗೆ ಮಾವನನ್ನು ದಿನೇಶನ ಬಡಾವಣೆಯ ಕಾಲುದಾರಿಯ ಬಳಿ ಇಳಿಸುವಾಗ ಸಂಗಮೇಶ್, "ಇನ್ನೂ ಎಂಟು ಗಂಟೀರಿ ಮಾಮಾ. ಅರ್ಧ ತಾಸು ಐತಿ. ಕಾರಿನ್ಯಾಗ ಕುಂಡ್ರಿ, ಹೊರಗ ಥಂಡಿ ಐತಿ, ನಲವತ್ತೆರಡು ಫ್ಯಾರನ್‌ಹೀಟ್," ಎಂದ.

"ನೀ ಹೋಗು," ಎಂದರು ಮಾಸ್ತರರು.

ಬೆಂಚು ತಣ್ಣಗಿತ್ತು. ಹತ್ತು ನಿಮಿಷಕ್ಕೆ ಮೊಣಕಾಲು ಹಿಡಿಯಿತು. ಹದಿನೈದಕ್ಕೆ, ಆಕೆ ಇವತ್ತು ಬಾರದೆ ಇರಬಹುದು ಅನ್ನಿಸಿತು. ಇಪ್ಪತ್ತಕ್ಕೆ, ದಾರಿಯ ತಿರುವಿನಲ್ಲಿ ಕಂಡ ಪ್ರತಿಯೊಬ್ಬರೂ ಆಕೆಯೇ ಎಂದು ತೋರಿ, ಹತ್ತಿರ ಬಂದಾಗ ಬೇರೆಯವರಾದರು. ಇಪ್ಪತ್ತೈದಕ್ಕೆ ಅವರು ಗಡಿಯಾರ ನೋಡುವುದನ್ನು ಬಿಟ್ಟರು.

ಚಿಕ್ಕತಾಯಮ್ಮ ಸೀರೆಯ ಮೇಲೆ ದಪ್ಪ ಜಾಕೆಟ್ ತೊಟ್ಟು, ಉಲ್ಲನ್ ಟೋಪಿ ಹಾಕಿಕೊಂಡು ಬಂದರು. ಬೆಂಚಿನ ಮುಂದೆ ನಿಂತರು. ಮಾಸ್ತರರು ಎದ್ದು ನಿಂತರು.

"ಮೇಷ್ಟ್ರು," ಎಂದರು ಆಕೆ. "ಎಷ್ಟು ಹೊತ್ತಾಯ್ತು ಬಂದು?"

"ಅರ್ಧ ತಾಸು."

"ನಾನು ಬರೋದು ಎಂಟೂವರೆಗೆ."

"ಗೊತ್ತೈತ್ರಿ. ಅದಕ್ಕ ಎಂಟಕ್ಕ ಬಂದೆ." "ಎಂಟು ದಿನ ನೀವು ಅಲ್ಲಿ ಕುಂತಿದ್ರಿ ಅಂತ ಅಕ್ಷರಾ ತನ್ನ ಕಥಿಯೊಳಗ ಬರದಾಳ. ನಾ ಇವತ್ತು ಒಂದು ದಿನ ಕುಂತೆ."

ಚಿಕ್ಕತಾಯಮ್ಮ ಕಾಲುದಾರಿಯ ಕಡೆ ನೋಡಿದರು. "ಎಂಟಲ್ಲ ಮೇಷ್ಟ್ರೇ, ಹನ್ನೊಂದು. ಮೂರು ದಿನ ಮಳೆ ಇತ್ತು, ಮಕ್ಕಳು ಬರಲಿಲ್ಲ. ನಾನು ಕೊಡೆ ಹಿಡ್ಕೊಂಡು ಬಂದಿದ್ದೆ. ನಿಮಗೆ ಜ್ವರ ಗಿರ ಬಂದಿರಬೇಕು ಅಂದ್ಕೊಂಡಿದ್ದೆ. ಹನ್ನೊಂದನೇ ದಿನ ಅರ್ಧ ಗಂಟೆ ಬೇಗ ಬಂದೆ. ಅಲ್ಲಿ ಕೊಳದ ಆ ಕಡೆ ನೀವು ಹೋಗ್ತಾ ಇದ್ರಿ. ಚೆನ್ನಾಗೇ ನಡೀತಿದ್ರಿ."

"ತಪ್ಪಾತು," ಎಂದರು ಮಾಸ್ತರರು.

"ಲೆಕ್ಕವಾ?"

"ಲೆಕ್ಕಾನೂ."

ಆಕೆ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡರು. "ನಾನು ನಡೀಬೇಕು. ಶುಗರ್ ಇದೆ," ಎಂದು ಹೊರಟರು. ಹತ್ತು ಹೆಜ್ಜೆ ಹೋದ ಮೇಲೆ, ಹಿಂದಕ್ಕೆ ತಿರುಗದೆ, "ಮೊಣಕಾಲು ಹೇಗಿದೆ?" ಎಂದು ಕೇಳಿದರು. ಮಾಸ್ತರರು ಕುಂಟುತ್ತ ಹೋಗಿ ಜೊತೆಗೂಡಿದರು. ಒಂದು ಸುತ್ತು ಮುಗಿಯುವವರೆಗೂ ಅವರು ಮುಕ್ಕಾಲು ಮಗ್ಗಿ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಆ ಆಟ ಹೋದ ಶ್ರಾವಣಕ್ಕೇ ಮುಗಿದಿತ್ತು. ಮನೆಯ ತಿರುವಿನಲ್ಲಿ ಆಕೆ, "ಮಧ್ಯಾಹ್ನ ಬರ್ತೀನಿ. ತನಿಷಾ ಹಾಡ್ತಾಳೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಧ್ಯಾಹ್ನ ಸಭಾಂಗಣದ ಬದಿಯ ಕೋಣೆಯಲ್ಲಿ ಅಕ್ಷರಾ ತನ್ನ ಸರದಿಗಾಗಿ ಕಾಯುತ್ತಿದ್ದಳು. ಮಾಸ್ತರರು ಅವಳ ಕೈಯಿಂದ ಹಾಳೆ ತೆಗೆದುಕೊಂಡು ಮೂರನೆಯ ಕಾನೂನಿನ ಕೊನೆಗೆ ಬಂದರು. 'ನದಿ ಎಂಟು ದಿನ ಕಾಯಿತು' ಎಂಬಲ್ಲಿ ಎಂಟನ್ನು ಹೊಡೆದು ಹನ್ನೊಂದು ಎಂದು ಬರೆದರು. ಈ ಸಲ ಪೆನ್ನಿನಲ್ಲಿ.

"ವೈ, ಅಜ್ಜಾ?"

"ಮೂರು ದಿನ ಬಿಟ್ಟುಹೋಗಿತ್ತು."

ಅಕ್ಷರಾ ಹಾಳೆಯನ್ನು ನೋಡಿದಳು, ಅಜ್ಜನನ್ನು ನೋಡಿದಳು. "ಹಾಗಾದ್ರೆ ತನಿಷಾ ಅಜ್ಜಿಗೆ ಮಾರ್ಕ್ಸ್ ಕಡಿಮೆ ಬಂದಿರಲಿಲ್ವಾ?"

"ಇಲ್ಲ. ಕಡಿಮಿ ಬಂದದ್ದು ನನಗ."

"ಎಷ್ಟು?" ಎಂದು ಕೇಳಿದಳು ಅಕ್ಷರಾ, ಅವರೇ ಕಲಿಸಿದ ಧಾಟಿಯಲ್ಲಿ.

ಒಳಗೆ ಅವಳ ಹೆಸರು ಕರೆದರು. ಮಾಸ್ತರರು ಹಾಳೆಯನ್ನು ಅವಳಿಗೆ ಹಿಂದಿರುಗಿಸಿದರು.

"ಹನ್ನೊಂದರ ಪೈಕಿ ಒಂದು," ಎಂದರು.