ಹೆಣ ಹೊತ್ತ ಗಾಡಿ

ಟ್ರಾಕ್ಟರಿನ ಟ್ರೇಲರಿಗೆ ಶ್ರೀನಿವಾಸಪ್ಪ ಹಾಸುತ್ತಿದ್ದ ಹುಲ್ಲಿನ ಹೊರೆಯನ್ನು ಮುನಿಗಂಗಮ್ಮ ಹಿಡಿದೆಳೆದು ಅಂಗಳಕ್ಕೆ ಕೆಡವಿದಳು.

"ಟ್ರಾಕ್ಟರ್ ಬ್ಯಾಡ ಅಂತ ಎಷ್ಟು ಸಲ ಯೇಳ್ಲಿ? ಅವರ ಸೊಂಟ ತಡೆಯಲ್ಲ."

ಯಾರೂ ನಗಲಿಲ್ಲ. ಬೆಳಗಿನ ಜಾವ ಎದೆ ಹಿಡಿದುಕೊಂಡು ಪ್ರಾಣ ಬಿಟ್ಟ ಅವಳ ಗಂಡ ಕೋದಂಡಪ್ಪ ಜಗಲಿಯ ಮೇಲೆ ಹೊಸ ಪಂಚೆ ಹೊದ್ದು ಮಲಗಿದ್ದ. ಅವನ ಸೊಂಟ ಇನ್ನು ತಡೆಯಬೇಕಾದ್ದು ಏನೂ ಉಳಿದಿರಲಿಲ್ಲ. ಆದರೆ ವರ್ಷಗಟ್ಟಲೆ ಆ ಸೊಂಟಕ್ಕೆ ಎಣ್ಣೆ ತಿಕ್ಕಿದವಳಿಗೆ ಅದನ್ನು ಹೇಳುವ ಧೈರ್ಯ ಯಾರಿಗಿದೆ?

"ಅತ್ತಿಗೆ, ಅಣ್ಣನ್ನ ಬಂಗಾರಪೇಟೆ ದಾಟಿ ನಮ್ಮ ಒಲಕ್ಕೆ ತಗೊಂಡೋಗ್ಬೇಕು. ಅಪ್ಪ ಅಮ್ಮನ ಪಕ್ಕದಾಗೆ ಮಣ್ಣು ಮಾಡ್ಬೇಕು," ಎಂದ ಶ್ರೀನಿವಾಸಪ್ಪ. "ಎಣದ ವ್ಯಾನು ಸಂಜೆಗಂಟ ಸಿಕ್ಕಲ್ವಂತೆ. ಇನ್ಯಾವ ಗಾಡಿ ತರ್ಲಿ?"

"ಕಾರು ತಾ. ಬೇತಮಂಗಲದ ಸುತ್ತ ಇರೋ ಕಾರೆಲ್ಲ ಅವರು ನೋಡಿ ಕೊಡ್ಸಿದ್ದೇ ಅಲ್ವಾ?"

ಅದೂ ಸುಳ್ಳಲ್ಲ. ಸಾವಿಗೆ ಬಂದವರ ಕಾರುಗಳು ರಸ್ತೆಬದಿಯಲ್ಲಿ ಸಾಲಾಗಿ ನಿಂತಿದ್ದವು. ಅವುಗಳ ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ನೆಲ ನೋಡಿದರು.

ಪಕ್ಕದ ಮನೆಯ ಶ್ಯಾಮಲ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಅಕ್ಕಾ, ತಪ್ಪು ತಿಳ್ಕೋಬ್ಯಾಡ. ಎಣ ಒತ್ತ ಗಾಡೀನ ಆಮೇಲೆ ಯಾರೂ ಕೊಳ್ಳಲ್ಲ ಅಂತ ನಮ್ಗೆಲ್ಲ ಯೇಳ್ಕೊಟ್ಟೋರು ಯಾರು? ಅಣ್ಣಾನೇ ಅಲ್ವಾ?"

ಮುನಿಗಂಗಮ್ಮ ಹೋಗಿ ಗಂಡನ ತಲೆಯ ಬಳಿ ಕೂತಳು.

* * *

ಕೋದಂಡಪ್ಪನಿಗೆ ಸ್ವಂತ ಕಾರಿರಲಿಲ್ಲ. ಇದ್ದದ್ದು ಎರಡು ಸೀಮೆ ಹಸು, ಒಂದು ಮೊಪೆಡ್. ಆದರೆ ಹಾಲು ಹಾಕಿ ಡೈರಿ ಕಟ್ಟೆಯ ಮೇಲೆ ಕೂತನೆಂದರೆ ದೇಶದ ಕಾರು ಕಂಪನಿಗಳೆಲ್ಲ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು.

"ಬಾಗ್ಲು ತಗಡು ಮಾಡ್ತಾರೆ, ಒಳಗೆ ಟೀವಿ ಇಕ್ತಾರೆ. ಗುದ್ದಿದ್ರೆ ಟೀವಿ ಕಾಪಾಡ್ತದೇನ್ಲಾ?"

ಸನ್‌ರೂಫ್ ಕಂಡರಂತೂ ಉರಿದುಬೀಳುತ್ತಿದ್ದ. "ನಮ್ಮ ಬಿಸಿಲಿಗೆ ಸೂರಾಗೆ ತೂತಾ? ಅದಕ್ಕೆ ಲಕ್ಷ ಜಾಸ್ತಿ ಬೇರೆ! ನಮ್ಮ ಕೊಟ್ಟಿಗೇಲಿ ಪುಕ್ಕಟೆ ಐತೆ, ಬಾ ತೋರಿಸ್ತೀನಿ."

ಕರೆಂಟಿನ ಕಾರು ಎರಡು ವರ್ಷ ಬಾಳಲ್ಲ ಎಂದಿದ್ದ. ಬಾಳಿದವು. ಡೀಸೆಲ್ ಅಗ್ಗವಾಗುತ್ತದೆ ಎಂದಿದ್ದ. ಅದು ಆಗುವ ಲಕ್ಷಣವೇ ಇರಲಿಲ್ಲ. ಹಾಗೆಂದು ಜನ ಅವನನ್ನು ಕೇಳುವುದನ್ನು ಬಿಡಲಿಲ್ಲ, ಅವನು ಹೇಳುವುದನ್ನೂ ಬಿಡಲಿಲ್ಲ. ಹಳೆಯ ಗಾಡಿ ನೋಡಲು ಹೋದಾಗ ಅವನ ಮೊದಲ ಪ್ರಶ್ನೆ ಒಂದೇ: "ಎಣಗಿಣ ಒತ್ತೈತಾ?" ಹೌದೆಂದರೆ ಬಾಗಿಲನ್ನೂ ತೆಗೆಯದೆ ತಿರುಗಿ ಬರುತ್ತಿದ್ದ.

"ಇಂಜಿನ್ ಬದಲಾಯಿಸ್ಬೌದು, ಅದನ್ನ ಬದಲಾಯಿಸಕ್ಕಾಗಲ್ಲ. ಮಾರಕ್ಕೋದ್ರೆ ಅರ್ಧ ರೇಟೂ ಉಟ್ಟಲ್ಲ."

"ಸತ್ತೋರು ಗಾಡೀಗೆ ಏನ್ ಮಾಡ್ತಾರೆ? ಅವರೂ ಮನುಷ್ಯರೇ ಅಲ್ವಾ?" ಎಂದು ಮುನಿಗಂಗಮ್ಮ ಒಮ್ಮೆ ಜಗಳಕ್ಕೇ ನಿಂತಿದ್ದಳು.

"ನಿಂಗೆ ಕಾರಿನ ವಿಷ್ಯ ತಿಳಿಯಲ್ಲ ಕಣೇ," ಎಂದು ಅವನು ನಕ್ಕಿದ್ದ.

* * *

"ನನ್ನ ಗಾಡೀಲಿ ಕರ್ಕೊಂಡೋಗಣ ಅಕ್ಕ."

ಹಾಗೆಂದವನು ನಂದಿದುರ್ಗ ಗಣಿ ಕಡೆಯ ಗೋಪಿ, ಹಳೆಯ ಇನ್ನೋವಾವನ್ನು ಬಾಡಿಗೆಗೆ ಓಡಿಸುವವನು. ಶ್ರೀನಿವಾಸಪ್ಪ ಅವನ ರಟ್ಟೆ ಹಿಡಿದು, "ಲೇ, ನಾಳೆ ಅದನ್ನ ಮಾರ್ತಾ ಇದ್ದೀಯ. ಮಗಳು ಸಹನನ ನರ್ಸಿಂಗ್ ಫೀಸು ಕಟ್ಟಕ್ಕೆ ಇರೋದು ಅದೊಂದೇ. ತಲೆ ಕೆಟ್ಟೈತಾ?" ಎಂದ.

"ಯಾರೂ ಬಾಯಿ ಬಿಡ್ದಿದ್ರೆ ಆಯ್ತು ಕಣಣ್ಣ. ಕೊಳ್ಳೋನಿಗೆ ಎಂಗೆ ತಿಳೀತದೆ?"

ಸುತ್ತ ಇದ್ದವರೆಲ್ಲ ಒಪ್ಪಿ ತಲೆಯಾಡಿಸಿದರು. ಮುನಿಗಂಗಮ್ಮನೂ ಆಡಿಸಿದಳು.

ಹಿಂದಿನ ಸೀಟುಗಳನ್ನು ಬಿಚ್ಚಿ ಚಾಪೆ ಹಾಸಿದರು. ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೈಕಲ್ಲಿನವರೂ ಹಿಂದೆ ಹಾಕುವಷ್ಟು ನಿಧಾನಕ್ಕೆ ಗೋಪಿ ಓಡಿಸಿದ.

"ಕುಲುಕ್ತಾ ಅಕ್ಕ?"

"ಇಲ್ಲಪ್ಪ."

ಕಾರೊಳಗೆ ಕೂತು ಕೋದಂಡಪ್ಪ ಇಷ್ಟು ಹೊತ್ತು ಮಾತಾಡದೆ ಇದ್ದದ್ದು ಇದೇ ಮೊದಲು. ಕ್ಲಚ್ಚು ಸರಿಯಿಲ್ಲ ಎನ್ನಲಿಲ್ಲ, ಟೈರಿಗೆ ಗಾಳಿ ಹೆಚ್ಚಾಯಿತು ಎನ್ನಲಿಲ್ಲ. ಅವಳು ಅವನ ಹಣೆಯ ಮೇಲಿನ ಕೂದಲು ಸರಿಮಾಡಿದಳು. ಅಳು ಮಾತ್ರ ಬರಲಿಲ್ಲ.

* * *

ಮಣ್ಣು ಮಾಡಿ ಮನೆಗೆ ಮರಳಿ, ತಲೆಗೆ ನೀರು ಹಾಕಿಕೊಳ್ಳುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಗೋಡೆಯ ಗೂಡಿನಲ್ಲಿದ್ದ ಕೋದಂಡಪ್ಪನ ಫೋನು ಬಡಿದುಕೊಂಡಿತು. ಮುನಿಗಂಗಮ್ಮ ಎತ್ತಿದಳು.

"ಅಣ್ಣ ಅವ್ರಾಮ್ಮ? ನಾನು ರಾಬರ್ಟ್‌ಸನ್‌ಪೇಟೆ ಅಂಬರೀಶ್. ನಾಳೆ ಗೋಪಿ ಇನ್ನೋವಾ ತಗೊಳ್ತಾ ಇದ್ದೀನಿ. ಎಣಗಿಣ ಒತ್ತೈತಾ ಅಂತ ಅಣ್ಣನ್ನ ಒಂದು ಮಾತು ಕೇಳಮ್ಮ. ಅವರು ಯೇಳಿದ್ರೆ ಮುಗೀತು, ನಾನು ಬೇರೆ ಯಾರನ್ನೂ ಕೇಳಲ್ಲ."

ಇಂಥ ಕರೆ ಬಂದಾಗೆಲ್ಲ ಫೋನಿಗೆ ಕೈ ಅಡ್ಡ ಹಿಡಿದು ಒಳಮನೆಯ ಕಡೆ ಕೂಗುವುದು ಅವಳ ರೂಢಿ.

"ಏನೂಂದ್ರೆ, ಗೋಪಿ ಗಾಡೀನ ಕೇಳ್ತಾ ಅವ್ರೆ!"

ಕೂಗಿಯೇ ಬಿಟ್ಟಳು. ಅಂಗಳದಲ್ಲಿ ಶ್ಯಾಮಲ ಬಾಯಿಗೆ ಸೆರಗು ಒತ್ತಿಕೊಂಡಳು.

ಬಾಗಿಲಲ್ಲಿ ಒದ್ದೆ ಬಟ್ಟೆಯಲ್ಲಿ ಗೋಪಿ ನಿಂತಿದ್ದ. ಇಲ್ಲ ಎಂದುಬಿಟ್ಟರೆ ಅವನ ಮಗಳ ಓದು ಉಳಿಯುತ್ತದೆ. ಆದರೆ ಅದು ಕೋದಂಡಪ್ಪನ ಮಾತಾಗಿ ಹೋಗುತ್ತದೆ. ಅವನು ತಪ್ಪು ಹೇಳಿದ್ದು ಬೇಕಾದಷ್ಟಿತ್ತು, ಸುಳ್ಳು ಹೇಳಿದ್ದಿಲ್ಲ. ಅವಳು ಗೋಪಿಯನ್ನೇ ನೋಡಿದಳು. ಅವನು ಹೊರಗಿನ ಗಾಡಿಯ ಕಡೆ ಒಮ್ಮೆ ತಿರುಗಿ ನೋಡಿ, ಹೇಳಿಬಿಡಕ್ಕ ಎನ್ನುವಂತೆ ಕತ್ತು ಆಡಿಸಿದ.

"ಒತ್ತೈತಪ್ಪ," ಎಂದಳು.

"ಯಾವಾಗಮ್ಮ?"

"ಇವತ್ತೇ."

"ಯಾರನ್ನ?"

ಬೆಳಗಿನಿಂದ ಬಂದವರೆಲ್ಲ ಆಡಿದ್ದ ಮಾತು. ಅವಳೊಬ್ಬಳು ಆಡಿರಲಿಲ್ಲ.

"ನಿಮ್ಮಣ್ಣನ್ನೇ ಕಣಪ್ಪ. ಓಗ್ಬಿಟ್ರು."

ಅಂದವಳೇ ಹೊಸ್ತಿಲ ಮೇಲೆ ಕೂತು, ಎದೆ ಬಿರಿಯುವಂತೆ ಅತ್ತಳು. ಗೋಪಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಹೊರಗೆ, ತೊಳೆದ ಗಾಡಿ ಒಣಗಲೆಂದು ಎಲ್ಲ ಬಾಗಿಲೂ ತೆರೆದು ನಿಂತಿತ್ತು. ಒಳಗೆ ಸೂರಿನ ಪುಟ್ಟ ದೀಪ ಸೀಟಿಲ್ಲದ ಬರಿ ಜಾಗದ ಮೇಲೆ ಉರಿಯುತ್ತಲೇ ಇತ್ತು.