ಏಳನೇ ಸೀಟು

ಕಾರಿನ ಬಾಗಿಲು ಎಳೆದ ಚಿಕ್ಕಪ್ಪ ಒಂದು ಹೆಜ್ಜೆ ಹಿಂದೆ ಸರಿದ. ನಡುವಿನ ಸಾಲಿನಲ್ಲಿ ಆಗಲೇ ಮೂರು ಜನ ಕೂತ ಹಾಗಿತ್ತು. ಸರಿಯಾಗಿ ನೋಡಿದರೆ ಮೂರು ಮರಳಿನ ಮೂಟೆಗಳು. ಸಾಲದ್ದಕ್ಕೆ ಮೂರಕ್ಕೂ ಸೀಟ್ ಬೆಲ್ಟ್ ಹಾಕಿತ್ತು.

"ಅತ್ತಿಗೆ, ಏನಿದು?"

ಸತ್ತವನ ಹೆಂಡತಿ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು. ಬೆಳಗಿನಿಂದ ಅತ್ತು ಅತ್ತು ಈಗ ಸುಸ್ತು ಮಾತ್ರ ಉಳಿದಿತ್ತು.

"ಮಧ್ಯದಲ್ಲಿರೋದು ನೀನು," ಅಂದಳು.

"ನಾನಾ?"

"ಈ ಕಡೆ ಅತ್ತೆ. ಆ ಕಡೆ ನಿನ್ನ ಹೆಂಡತಿ. ನೀವು ಬೇರೆ ಮನೆ ಮಾಡಿದ ವಾರಾನೇ ನಿಮ್ಮಣ್ಣ ನಿಮ್ಮಿಬ್ಬರನ್ನೂ ತಂದು ಕೂರಿಸಿದ್ರು. ಅತ್ತೆ ಆಮೇಲೆ ಬಂದ್ರು, ತೀರಿಕೊಂಡ ಮೇಲೆ."

ಚಿಕ್ಕಪ್ಪ ತನ್ನ ಮೂಟೆಯನ್ನು ಅಲ್ಲಾಡಿಸಿ ನೋಡಿದ. ಅದು ಜಪ್ಪಯ್ಯ ಅನ್ನಲಿಲ್ಲ. "ನಾನು ಇಷ್ಟೊಂದು ದಪ್ಪ ಇದ್ನಾ?"

"ಅದು ಆಗಿನ ತೂಕ," ಹಿಂದಿನಿಂದ ಚಿಕ್ಕಮ್ಮ ಹೇಳಿದಳು. "ಈಗಾದ್ರೆ ಇನ್ನರ್ಧ ಮೂಟೆ ಬೇಕು." ಹೇಳಿದ ಮೇಲೆ ಇವತ್ತು ಎಂಥ ದಿನ ಎಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಗೇಟಿನ ಹೊರಗೆ ಶವದ ವ್ಯಾನು ಕಾಯುತ್ತಿತ್ತು. ಪಕ್ಕದ ಮನೆಯವನನ್ನು ಕರೆದುಕೊಂಡು ಚಿಕ್ಕಪ್ಪ ಮೊದಲು ತಾಯಿಯನ್ನು, ಆಮೇಲೆ ಹೆಂಡತಿಯನ್ನು, ಕೊನೆಗೆ ಏದುಸಿರು ಬಿಡುತ್ತಾ ತನ್ನನ್ನು ಇಳಿಸಿ ಗೋಡೆಗೆ ಒರಗಿಸಿದ.

"ಹಿಂದಿನ ಸಾಲಿನಲ್ಲೂ ಇದೆಯಾ?"

"ಇದೆ. ಅದನ್ನ ಮುಟ್ಬೇಡ."

ಸತ್ತವನ ಮಗಳು ಗೇಟಿನ ಹತ್ತಿರ ಐದು ವರ್ಷದ ತನ್ನ ಹುಡುಗಿಯ ಕೈ ಹಿಡಿದು ನಿಂತಿದ್ದಳು. ತವರಿಗೆ ಅವಳು ಕಾಲಿಟ್ಟಿದ್ದು ಇವತ್ತೇ, ಮದುವೆಯಾದ ಮೇಲೆ ಮೊದಲ ಸಲ.

"ಬಾಮ್ಮ, ಜಾಗ ಆಯ್ತು," ಚಿಕ್ಕಪ್ಪ ಕರೆದ.

"ನಾನು ವ್ಯಾನಲ್ಲಿ ಬರ್ತೀನಿ."

"ಮಗೂನಾದ್ರೂ ಇಲ್ಲಿ ಕೂರಿಸು."

"ಬೇಡ ಚಿಕ್ಕಪ್ಪ. ನಾವು ಕೂತ್ರೆ ಮೈಲೇಜ್ ಇಳಿಯುತ್ತೆ."

ಚಿಕ್ಕಪ್ಪ ಕೈಯಲ್ಲಿದ್ದ ಬೀಗದಕೈ ನೋಡುತ್ತಾ ನಿಂತ. ಅವಳು ಮನೆ ಬಿಟ್ಟು ಹೋಗಿ ಮದುವೆಯಾದ ಹೊಸದರಲ್ಲಿ ಅಪ್ಪ ಪೆಟ್ರೋಲ್ ಪಂಪಿನಲ್ಲಿ ಒಂದು ಮಾತು ಆಡಿದ್ದ: "ಮಗಳು ಹೋದ ಮೇಲೆ ಮೈಲೇಜ್ ಏರಿದೆ." ಆ ಮಾತನ್ನು ಅವಳಿಗೆ ಮುಟ್ಟಿಸಿದವನು ಈ ಚಿಕ್ಕಪ್ಪನೇ. ಅವನು ತಮಾಷೆ ಎಂದುಕೊಂಡು ಹೇಳಿದ್ದ. ಅವಳು ಫೋನ್ ಇಟ್ಟವಳು ಮತ್ತೆ ಈ ಮನೆ ಕಡೆ ತಲೆ ಹಾಕಲಿಲ್ಲ. ಅಪ್ಪ ಅದನ್ನು ಖುಷಿಯಿಂದ ಹೇಳಿದ್ದನೇ ಎಂಬುದೊಂದೇ ಅವಳಿಗೆ ಗೊತ್ತಾಗಬೇಕಿತ್ತು. ಕೇಳೋಣ ಎಂದರೆ ಅಪ್ಪ ವ್ಯಾನಿನಲ್ಲಿ ಮಲಗಿದ್ದ.

* * *

ಸತ್ತವನಿಗೆ ಊರಿನವರು ಇಟ್ಟ ಹೆಸರು ತಕ್ಕಡಿಯಪ್ಪ. ಅಂಗಡಿಗಳ ತಕ್ಕಡಿ, ಗೋದಾಮುಗಳ ತೂಕದ ಯಂತ್ರ ರಿಪೇರಿ ಮಾಡುವುದು ಅವನ ಕೆಲಸ. ಯಂತ್ರ ಏನು ತೋರಿಸಿದರೂ ಮೊದಲು ಅದು ಸುಳ್ಳು ಹೇಳುತ್ತಿದೆ ಎಂದುಕೊಂಡೇ ಶುರು ಮಾಡುವ ಕಸುಬು ಅದು. ಆ ಗುಣ ಅವನ ಜೊತೆ ಮನೆಗೂ ಬರುತ್ತಿತ್ತು. ಹೆಂಡತಿ ಹಾಲು ಉಕ್ಕಿತು ಅಂದರೂ ಎದ್ದು ಹೋಗಿ ನೋಡಿ ಬರುವ ಪೈಕಿ.

ಮನೆಯಲ್ಲಿ ಆಗ ಆರು ಜನ: ಅವನು, ಹೆಂಡತಿ, ತಾಯಿ, ತಮ್ಮ, ತಮ್ಮನ ಹೆಂಡತಿ, ಮಗಳು. ಎಲ್ಲಿಗೆ ಹೋದರೂ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕೆಂದು ಹಟ ಹಿಡಿದು ಏಳು ಸೀಟಿನ ದೊಡ್ಡ ಡೀಸೆಲ್ ಕಾರು ಕೊಂಡ. ಇಷ್ಟು ಮೈಲೇಜ್ ಕೊಡುತ್ತದೆ ಎಂದು ಕಂಪನಿಯವರು ಹೇಳಿದ್ದನ್ನು ಅವನು ನಂಬಲಿಲ್ಲ. ಸ್ಟೀರಿಂಗ್ ಹಿಂದಿನ ಪುಟ್ಟ ಪರದೆ ತೋರಿಸಿದ್ದನ್ನಂತೂ ನಂಬಲೇ ಇಲ್ಲ. "ಅದು ಕಂಪನಿಯವರ ಕೂಸು. ಅವರ ಮಾನ ಕಾಯದೆ ಇನ್ನೇನು ಮಾಡುತ್ತೆ?" ಅನ್ನುತ್ತಿದ್ದ.

ಅವನ ಪರೀಕ್ಷೆಯೇ ಬೇರೆ. ಭಾನುವಾರ ಬೆಳಿಗ್ಗೆ ಟ್ಯಾಂಕಿನ ಬಾಯಿತನಕ ಡೀಸೆಲ್ ತುಂಬಿಸಿ, ಮೀಟರನ್ನು ಸೊನ್ನೆಗೆ ತಿರುಗಿಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅಣೆಕಟ್ಟಿನವರೆಗೆ ಹೋಗಿ ಬರುವುದು. ವಾಪಸು ಬಂದು ಅದೇ ಪಂಪಿನಲ್ಲಿ, ಅದೇ ಯಂತ್ರದಲ್ಲಿ ಮತ್ತೆ ಬಾಯಿತನಕ ತುಂಬಿಸುವುದು. ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಿದರೆ ಸತ್ಯ ಹೊರಗೆ ಬರುತ್ತಿತ್ತು. ಎಸಿ ಹಾಕುವಂತಿಲ್ಲ, ಅದು ಡೀಸೆಲ್ ಕುಡಿಯುತ್ತದೆ. ಕಿಟಕಿ ಇಳಿಸುವಂತಿಲ್ಲ, ಗಾಳಿ ಒಳಗೆ ನುಗ್ಗಿ ಗಾಡಿಯನ್ನು ತಡೆಯುತ್ತದೆ. ಆರು ಜನರೂ ಒಳಗೆ ಬೆಂದು ಹೋಗುತ್ತಿದ್ದರು.

"ಲೋ, ನನ್ನನ್ನ ಹಬೇಲಿ ಬೇಯಿಸ್ತಿದೀಯೇನೋ?" ಎಂದು ತಾಯಿ ಬೈಯುತ್ತಿದ್ದಳು.

"ಸ್ವಲ್ಪ ತಡಿಯಮ್ಮ, ಇಳಿಜಾರು ಬಂತು."

ಭಾಗಾಕಾರ ಮಗಳ ಪಾಲಿನ ಕೆಲಸ. ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಕೂತು, ಕಣ್ಣು ಮುಚ್ಚಿ, ಬಾಯಲ್ಲೇ ಲೆಕ್ಕ ಹಾಕುತ್ತಿದ್ದಳು. ಅವಳು "ಹನ್ನೊಂದೂವರೆ!" ಎಂದು ಕೂಗುವತನಕ ಗಾಡಿ ಪಂಪಿನಿಂದ ಕದಲುತ್ತಿರಲಿಲ್ಲ. ಯಾವುದನ್ನೂ ಒಂದೇ ಸಲಕ್ಕೆ ನಂಬದ ಮನುಷ್ಯ ಅವಳ ಲೆಕ್ಕವನ್ನು ಮಾತ್ರ ಎರಡನೇ ಸಲ ಕೇಳಿದವನಲ್ಲ.

ಅವಳ ಪಕ್ಕದ ಸೀಟು ಯಾವಾಗಲೂ ಖಾಲಿ. ಒಂದು ಭಾನುವಾರ, ಎಲ್ಲರೂ ಇಳಿದು ಹೋದ ಮೇಲೆ, ಅವಳು ಕೂತಲ್ಲಿಂದಲೇ ಕೇಳಿದಳು.

"ಅಪ್ಪ, ಮುಂದಿನ ವಾರ ಇಲ್ಲಿ ಒಬ್ಬರನ್ನ ಕೂರಿಸ್ಕೊಳ್ಳಲಾ?"

ಯಾರು ಎಂದು ಅವನಿಗೆ ಗೊತ್ತಿತ್ತು. ಗಾಜಿನ ಕಾರ್ಖಾನೆಯ ಆ ಹುಡುಗ ಗೇಟಿನ ಎದುರು ಬೈಕ್ ನಿಲ್ಲಿಸಿಕೊಂಡು ಕಾಯುವುದನ್ನು ಅವನೂ ನೋಡಿದ್ದ.

"ಇದು ಆರು ಜನದ ಲೆಕ್ಕ. ಏಳಾದ್ರೆ ಕೆಡುತ್ತೆ."

"ನಾನು ನನ್ನ ಮದುವೆ ವಿಷಯ ಮಾತಾಡ್ತಿದೀನಿ."

"ನಾನೂ ಅದನ್ನೇ ಮಾತಾಡ್ತಿರೋದು."

ಮುಂದಿನ ಭಾನುವಾರ ಹಿಂದಿನ ಸಾಲಿನ ಎರಡೂ ಸೀಟು ಖಾಲಿಯಾಗಿದ್ದವು.

* * *

ಸ್ಮಶಾನದಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾತಾಡಬೇಕಾದವರು ಮಾತಾಡಿದರು. ಒಬ್ಬ ಅಂಗಡಿಯವನು, ಸತ್ತವನಂಥ ಪ್ರಾಮಾಣಿಕ ಇನ್ನೊಬ್ಬನಿಲ್ಲ ಎಂದು ಕಣ್ಣೊರೆಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಚಿಕ್ಕಪ್ಪನ ಕಿವಿಯಲ್ಲಿ, ರಿಪೇರಿಗೆ ಕೊಟ್ಟ ತನ್ನ ತಕ್ಕಡಿ ಯಾವಾಗ ಸಿಗಬಹುದು ಎಂದು ಕೇಳಿದ. ಅಳಿಯ ಬೈಕಿನಲ್ಲಿ ಬಂದು, ದೂರದಲ್ಲೇ ತಲೆ ತಗ್ಗಿಸಿ ನಿಂತಿದ್ದು, ಪಾಳಿಗೆ ಹೊತ್ತಾಯಿತೆಂದು ಹೊರಟುಹೋದ.

ಪಂಪಿನವನು ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಮಗಳು ನೆಟ್ಟಗೆ ಅವನ ಹತ್ತಿರ ಹೋದಳು.

"ನನ್ನ ಗುರುತು ಸಿಕ್ತಾ?"

"ಸಿಗದೆ ಏನಮ್ಮ? ಹಿಂದಿನ ಸೀಟಿನ ಭಾಗಾಕಾರ ನೀನು."

"ನಾನು ಹೋದ ಮೇಲೆ ಮೈಲೇಜ್ ಏರಿದೆ ಅಂತ ಅಪ್ಪ ನಿಮ್ಮ ಹತ್ರ ಹೇಳಿದ್ರಂತೆ. ನಗ್ತಾ ಹೇಳಿದ್ರಾ?"

ಪಂಪಿನವನು ಕೈ ಕೈ ಉಜ್ಜಿಕೊಂಡ. "ನಕ್ಕಿದ್ದು ನಾನು. ಪಕ್ಕದಲ್ಲಿದ್ದ ನಿಮ್ಮ ಚಿಕ್ಕಪ್ಪನೂ ನಕ್ರು. ನಿಮ್ಮಪ್ಪನ ಮುಖ ನಾನು ನೋಡಲಿಲ್ಲ ಕಣಮ್ಮ, ಡೀಸೆಲ್ ಚೆಲ್ಲುತ್ತೆ ಅಂತ ಟ್ಯಾಂಕ್ ಕಡೆ ನೋಡ್ತಿದ್ದೆ. ಇಲ್ಲದ್ದು ಹೇಳಿ ನಿನ್ನನ್ನ ಸಮಾಧಾನ ಮಾಡಬಹುದು. ಸುಳ್ಳು ಯಾಕೆ ಹೇಳಲಿ?"

ಅವಳು ತಲೆಯಾಡಿಸಿದಳು. ಇನ್ನು ಕೇಳುವುದಕ್ಕೆ ಯಾರೂ ಉಳಿದಿರಲಿಲ್ಲ. ಅದು ಅವಳ ಮುಖದಲ್ಲಿ ಕಾಣುತ್ತಿತ್ತು.

"ಒಂದು ಮಾತ್ರ ನನಗೆ ಅರ್ಥ ಆಗಲಿಲ್ಲ," ಪಂಪಿನವನು ಮುಂದುವರಿಸಿದ. "ಈಚೀಚೆಗೆ ಮೈಲೇಜ್ ಇಳಿದ್ರೇನೇ ಖುಷಿ ಪಡೋರು. 'ನೋಡೋ, ಮತ್ತೆ ಇಳೀತು' ಅಂತ ಅಲ್ಲಿದ್ದೋರಿಗೆಲ್ಲ ಹೇಳೋರು. ಏರಲಿ ಅಂತ ಜನ ಬಡ್ಕೋತಾರೆ, ಇವರದ್ದು ಉಲ್ಟಾ. ವಯಸ್ಸಾಯ್ತಲ್ಲ, ತಲೆ ಸ್ವಲ್ಪ ಅತ್ತಿತ್ತ ಆಗಿದೆ ಅಂದ್ಕೊಂಡೆ."

* * *

ಮಗಳು ಮನೆ ಬಿಟ್ಟು ಹೋದ ಆ ಭಾನುವಾರ ಭಾಗಾಕಾರ ಮಾಡಲು ಯಾರೂ ಇರಲಿಲ್ಲ. ತಕ್ಕಡಿಯಪ್ಪ ಅಂಗೈ ಮೇಲೆ ಪೆನ್ನಿನಲ್ಲಿ ಬರೆದು ಭಾಗಿಸಿದ. ನಂಬಿಕೆ ಬರದೆ ಇನ್ನೊಮ್ಮೆ ಭಾಗಿಸಿದ. ಕಾರು ಕೊಂಡಾಗಿನಿಂದ ಅಷ್ಟು ಒಳ್ಳೆಯ ಮೈಲೇಜ್ ಬಂದಿರಲಿಲ್ಲ. ಆಗ ಆ ಮಾತು ಹೇಳಿದ. ಮಗಳ ಮೇಲೆ ಅವನಿಗೆ ಸಿಟ್ಟಿತ್ತು. ಅವಳು ಹೋದದ್ದರಿಂದ ಕಾರಿಗೆ ಒಳ್ಳೆಯದಾಯಿತಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಮನೆಗೆ ಬಂದವನು ಊಟಕ್ಕೂ ಕೂರದೆ ತನ್ನ ರಿಪೇರಿ ಅಂಗಡಿಗೆ ಹೋದ. ದೊಡ್ಡ ಯಂತ್ರಗಳನ್ನು ಪರೀಕ್ಷಿಸಲು ಅಲ್ಲಿ ಮರಳು, ಖಾಲಿ ಚೀಲಗಳು ಇದ್ದೇ ಇದ್ದವು. ಸಂಜೆ ಒಂದು ಮೂಟೆಯನ್ನು ತಂದು, ಹೆಣಗಾಡಿ ಹಿಂದಿನ ಸಾಲಿಗೆ ಏರಿಸಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿದ.

"ಏನ್ರೀ ಇದು?" ಹೆಂಡತಿ ಕೇಳಿದಳು.

"ಅವಳ ತೂಕ. ಗಾಡಿಯಲ್ಲಿ ಭಾರ ಒಂದೇ ಇರಬೇಕು. ಇಲ್ದಿದ್ರೆ ಹೋದ ವಾರದ್ದನ್ನ ಈ ವಾರದ್ದಕ್ಕೆ ಹೋಲಿಸೋಕಾಗಲ್ಲ."

"ಅವಳಿಗೆ ಫೋನ್ ಮಾಡಿ ಬಾ ಅನ್ನಿ. ತೂಕ ತಾನಾಗಿ ಬಂದು ಕೂರುತ್ತೆ."

ಅವನು ಬೆಲ್ಟ್ ಎಳೆದು ಮೂಟೆಗೆ ಹಾಕಿದ. ಅದು ಸರಿಯಾಗಿ ಬಿಗಿಯಿತೇ ಎಂದು ಎರಡು ಸಲ ಜಗ್ಗಿ ನೋಡಿದ.

* * *

ಸ್ಮಶಾನದಿಂದ ಹೊರಗೆ ಬರುವಷ್ಟರಲ್ಲಿ ವ್ಯಾನು ಇನ್ನೊಂದು ಮನೆಗೆ ಹೊರಟುಹೋಗಿತ್ತು. ಬಂದ ಜನ ತಮ್ಮ ತಮ್ಮ ದಾರಿ ಹಿಡಿದಿದ್ದರು. ಮಗಳ ಹೆಗಲ ಮೇಲೆ ಹುಡುಗಿ ನಿದ್ದೆ ಹೋಗಿತ್ತು. ಕಾರಿನ ನಡುವಿನ ಸಾಲಿನಲ್ಲಿ ಚಿಕ್ಕಮ್ಮನೂ ಪಕ್ಕದ ಮನೆಯ ಗಂಡ ಹೆಂಡತಿಯೂ ಕೂತಾಗಿತ್ತು.

"ಹತ್ತಮ್ಮ, ಹಿಂದೆ ಹೋಗು," ಅಂದ ಚಿಕ್ಕಪ್ಪ. "ಮಗೂನ ಹೊತ್ಕೊಂಡು ಬಿಸಿಲಲ್ಲಿ ನಡೀತೀಯಾ?"

ಅವಳು ರಸ್ತೆಯ ಎರಡೂ ಕಡೆ ನೋಡಿದಳು. ಆಮೇಲೆ ಹತ್ತಿದಳು. ಅರ್ಧ ಬಗ್ಗಿ ಹಿಂದಿನ ಸಾಲಿಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಅವಳ ಸೀಟಿನಲ್ಲಿ ಮೂಟೆಯೊಂದು ಕಿಟಕಿಗೆ ಒರಗಿ ಕೂತಿತ್ತು. ಅದರ ಪಕ್ಕದ ಸೀಟಿನಲ್ಲಿ ಇನ್ನೊಂದು, ಗಿಡ್ಡನೆಯದು. ಅದಕ್ಕೂ ಬೆಲ್ಟ್ ಹಾಕಿತ್ತು.

"ಅಮ್ಮ, ಇದು ಯಾರು? ಕಿಟಕಿ ಪಕ್ಕದ್ದು."

ಮುಂದಿನ ಸೀಟಿನಲ್ಲಿದ್ದ ತಾಯಿ ತಿರುಗಲಿಲ್ಲ. "ನೀನೇ. ಎಲ್ಲರಿಗಿಂತ ಮೊದಲು ಬಂದಿದ್ದು ನೀನು. ನೀನು ಹೋದ ಭಾನುವಾರವೇ ತಂದ್ರು."

"ಪಕ್ಕದ್ದು?"

"ನಿನ್ನ ಮಗಳು. ಫೋನ್ ಮಾಡಿದಾಗೆಲ್ಲ ನಾನು ಅವಳ ತೂಕ ಕೇಳ್ತಿದ್ನಲ್ಲ, ನನಗೇನು ಬೇರೆ ಮಾತಿರಲಿಲ್ವಾ? ನಿಮ್ಮಪ್ಪ ಪಕ್ಕದಲ್ಲಿ ಕೂತು ಕೇಳು, ಕೇಳು ಅಂತ ತಿವೀತಿದ್ರು. ನೀನು ಹೇಳಿದ ತಕ್ಷಣ ಎದ್ದು ಅಂಗಡಿಗೆ ಹೋಗೋರು, ಮರಳು ತರೋಕೆ."

ಚಿಕ್ಕಪ್ಪ ಸ್ಟೀರಿಂಗ್ ಬಿಟ್ಟು ಹಿಂದಕ್ಕೆ ತಿರುಗಿದ. "ಇದೆಂಥ ಲೆಕ್ಕ ಅತ್ತಿಗೆ? ಮಗು ಈ ಕಾರಲ್ಲಿ ಯಾವತ್ತೂ ಕೂತೇ ಇಲ್ಲ. ಇದನ್ನ ಸೇರಿಸಿದ್ರೆ ಅಣ್ಣನ ಹಳೇ ಲೆಕ್ಕ ಎಲ್ಲ ಕೆಟ್ಟು ಹೋಗಲ್ವಾ?"

"ಕೆಟ್ಟೇ ಹೋಯ್ತು. ಅವಳು ಬೆಳೆದ ಹಾಗೆ ಮೈಲೇಜ್ ಕೂದಲೆಳೆಯಷ್ಟು ಇಳೀತಿತ್ತಂತೆ. ಅದನ್ನೇ ಪಂಪಲ್ಲಿ ಎಲ್ಲರಿಗೂ ಸಾರಿಕೊಂಡು ಬರೋರು. ಮೊಮ್ಮಗಳು ಅಂತ ಮಾತ್ರ ಬಾಯಿ ಬಿಡ್ತಿರಲಿಲ್ಲ."

"ಪಕ್ಕದಲ್ಲೇ ಕೂತಿದ್ರಾ?" ಮಗಳ ದನಿ ಏರಿತು. "ನಾನು ಮಾತಾಡ್ತಿದ್ದಾಗೆಲ್ಲ ಪಕ್ಕದಲ್ಲೇ ಕೂತಿದ್ರಾ? ಹಾಗಾದ್ರೆ ಫೋನ್ ಇಸ್ಕೊಂಡು ಹೇಗಿದ್ದೀಯ ಅನ್ನೋಕೆ ಏನು ದಾಡಿಯಾಗಿತ್ತು?"

"ಅದನ್ನ ನಾನೂ ಕೇಳಿದ್ದೆ ಕಣೆ."

"ಏನಂದ್ರು?"

"ಮೊದಲು ತೂಕ ಕೇಳು ಅಂದ್ರು."

ಮಗಳಿಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಅಳುವೂ ಬಂತು. ಹುಡುಗಿಗೆ ಎಚ್ಚರವಾಗಬಾರದೆಂದು ತುಟಿ ಕಚ್ಚಿಕೊಂಡು ಅತ್ತಳು. ಚಿಕ್ಕಪ್ಪ ಇಳಿದು ಬಂದ. ಪಕ್ಕದ ಮನೆಯವನೂ ಅವನೂ ಸೇರಿ ಅವಳ ಮೂಟೆಯನ್ನು ಎಳೆದು ಕೆಳಗಿಳಿಸಿದರು.

"ಇಲ್ಲೇ ಗೋಡೆ ಪಕ್ಕ ಇಟ್ಟುಬಿಡ್ಲಾ? ಆಮೇಲೆ ಬಂದು ತಗೊಂಡು ಹೋಗ್ತೀನಿ."

"ಸ್ಮಶಾನದಲ್ಲಾ?" ತಾಯಿ ಈಗ ಗದರಿದಳು. "ಬುದ್ಧಿ ಇದೆಯೇನೋ ನಿನಗೆ? ತಂದು ನನ್ನ ಕಾಲ ಹತ್ರ ಇಡು."

ಮಗಳು ತನ್ನ ಹಳೆಯ ಜಾಗದಲ್ಲಿ ಕೂತು ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಚಿಕ್ಕಪ್ಪ ಗಿಡ್ಡ ಮೂಟೆಗೂ ಕೈ ಚಾಚಿದ.

"ಇದನ್ನೂ ತೆಗೀತೀನಿ ತಡಿ, ಮಗು ಕಾಲು ಚಾಚಿ ಮಲಗಲಿ."

"ಇರಿ ಚಿಕ್ಕಪ್ಪ."

ಅವಳು ಅದನ್ನು ತಡವಿ ನೋಡಿದಳು. ಅವಳ ಮೂಟೆಯ ಬಾಯಿಗೆ ದಪ್ಪ ದಾರದ ಹೊಲಿಗೆ ಹಾಕಿತ್ತು. ಇದಕ್ಕೆ ಹೊಲಿಗೆಯಿಲ್ಲ, ಹಗ್ಗ ಕಟ್ಟಿತ್ತು. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಹಗ್ಗದ ತುದಿ ನಾರಾಗಿತ್ತು. ಗಂಟನ್ನು ಎಳೆದಳು. ತಳದಲ್ಲಿ ಮಗುವಿನಷ್ಟು ಮರಳು ಇತ್ತು, ಉಳಿದ ಚೀಲವನ್ನು ಅಪ್ಪ ಮುಂದಕ್ಕೆ ಬೇಕೆಂದು ಒಳಗೊಳಗೇ ಮಡಿಸಿ ಇಟ್ಟಿದ್ದ. ಅವಳು ಒಂದು ಮಡಿಕೆ ಬಿಚ್ಚಿದಳು, ಅದರ ಕೆಳಗೆ ಇನ್ನೊಂದಿತ್ತು. ಅದನ್ನೂ ಬಿಚ್ಚಿ, ಖಾಲಿ ಚೀಲವನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎಳೆಯುತ್ತಾ ಹೋದಳು. ಅದು ಅವಳ ಭುಜ ದಾಟಿತು, ತಲೆ ದಾಟಿತು, ಕಾರಿನ ಚಾವಣಿಗೆ ತಗುಲಿ ಬಾಗಿತು.